ಅರ್ಥ್ ಅರ್ಥವಾಗದವರಿಗೆ: ಸಮಾಂತರ ಫಲಕಗಳ ಆವೇಶದ ಲೆಕ್ಕ

ದ್ವಿತೀಯ ಪಿಯುಸಿಯ ಸ್ಥಿರವಿದ್ಯುತ್ ಪಾಠ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಒಂದೇ ಪ್ರಶ್ನೆ ಬರುತ್ತದೆ. ರಾಯಚೂರಿನ ಹುಡುಗರೂ ಅದನ್ನೇ ಕೇಳುತ್ತಾರೆ, ಸಿಂಧನೂರು, ಮಾನ್ವಿ, ಗಂಗಾವತಿ ಕಡೆಯವರೂ ಅದನ್ನೇ ಕೇಳುತ್ತಾರೆ. "ಸರ್, ಫಲಕವನ್ನು ಅರ್ಥ್ ಮಾಡಿದ ಮೇಲೆ ಅದರ ಚಾರ್ಜ್ ಸೊನ್ನೆ ಅಲ್ವಾ? ಮತ್ತೆ ಉತ್ತರದಲ್ಲಿ ಮೈನಸ್ 12 ಅಂತ ಯಾಕಿದೆ?"

ಸೊನ್ನೆ ಆಗುವುದು ಫಲಕದ ವಿಭವ. ಆವೇಶ ಅಲ್ಲ. ಅರ್ಧ ಗೊಂದಲ ಇಲ್ಲೇ ಹುಟ್ಟುತ್ತದೆ. ಇನ್ನರ್ಧ ಗೊಂದಲ ಫಲಕಕ್ಕೆ ಎರಡು ಮುಖ ಇದೆ ಎನ್ನುವುದನ್ನು ಮರೆಯುವುದರಿಂದ. ಬಿಳಿ ಹಾಳೆ, ಪೆನ್ನು ತೆಗೆದುಕೊಂಡು ಕುಳಿತುಕೊಳ್ಳಿ. ಓದಿದರೆ ಸಾಲದು, ಬರೆಯುತ್ತಾ ಬನ್ನಿ.

ಮೊದಲು ನಾಲ್ಕು ಪದಗಳು

ಆವೇಶ ಅಂದರೆ ಚಾರ್ಜ್. ಅಳತೆ ಕೂಲಂಬ್‌ನಲ್ಲಿ. ಅದು ತುಂಬ ದೊಡ್ಡ ಮಾನ, ಹಾಗಾಗಿ ಪುಸ್ತಕದ ಲೆಕ್ಕಗಳಲ್ಲಿ ಮೈಕ್ರೊಕೂಲಂಬ್, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು, ಬಳಸುತ್ತಾರೆ. ವಾಹಕ ಅಂದರೆ ಆವೇಶ ಸರಾಗವಾಗಿ ಓಡಾಡುವ ವಸ್ತು. ಲೋಹದ ಫಲಕ ವಾಹಕ.

ವಿಭವವನ್ನು ನೀರಿನ ಮಟ್ಟದ ಹಾಗೆ ನೋಡಿ. ಎತ್ತರದಿಂದ ತಗ್ಗಿಗೆ ನೀರು ಹರಿಯುತ್ತದೆ, ಹೆಚ್ಚು ವಿಭವದಿಂದ ಕಡಿಮೆ ವಿಭವಕ್ಕೆ ಧನ ಆವೇಶ ಹರಿಯುತ್ತದೆ. ಮಟ್ಟ ಸಮವಾದರೆ ಹರಿವು ನಿಲ್ಲುತ್ತದೆ. ವಾಹಕದ ಒಳಗೆ ಎಲ್ಲ ಕಡೆ ಮಟ್ಟ ಒಂದೇ, ಅದಕ್ಕೇ ಅದರ ಒಳಗೆ ವಿದ್ಯುತ್ ಕ್ಷೇತ್ರ, ಅಂದರೆ ಆವೇಶವನ್ನು ತಳ್ಳುವ ಪ್ರಭಾವ, ಇರುವುದಿಲ್ಲ.

ಭೂಸಂಪರ್ಕ, ನಾವೆಲ್ಲ ಕರೆಯುವ ಅರ್ಥ್. ತುಂಗಭದ್ರಾ ಡ್ಯಾಮಿಗೆ ಒಂದು ಕೊಡ ನೀರು ಸುರಿದರೆ ಅದರ ಮಟ್ಟ ಏರುತ್ತದಾ? ಒಂದು ಕೊಡ ತೆಗೆದರೆ ಇಳಿಯುತ್ತದಾ? ಇಲ್ಲ. ಭೂಮಿ ನಮ್ಮ ಲೆಕ್ಕದ ಮಟ್ಟಿಗೆ ಅಂಥ ಡ್ಯಾಮು. ಎಷ್ಟು ಆವೇಶ ಕೊಟ್ಟರೂ, ಎಷ್ಟು ತೆಗೆದುಕೊಂಡರೂ ಅದರ ವಿಭವ ಬದಲಾಗದು. ಆ ಮಟ್ಟವನ್ನೇ ಸೊನ್ನೆ ಅಂತ ಕರೆಯುತ್ತೇವೆ. ಫಲಕವನ್ನು ಅರ್ಥ್ ಮಾಡುವುದು ಅಂದರೆ ಆ ಡ್ಯಾಮಿಗೆ ತೂಬು ಜೋಡಿಸಿದ ಹಾಗೆ. ಫಲಕದ ಮಟ್ಟ ಸೊನ್ನೆಗೆ ಬರಲು ಎಷ್ಟು ಆವೇಶ ಬೇಕೋ ಅಷ್ಟು ಒಳಗೆ ಬರುತ್ತದೆ ಅಥವಾ ಹೊರಗೆ ಹೋಗುತ್ತದೆ. ಪಕ್ಕದಲ್ಲಿ ಇನ್ನೊಂದು ಆವೇಶ ಇದ್ದರೆ ಫಲಕದ ಮಟ್ಟವನ್ನು ಅದೂ ಎತ್ತಿರುತ್ತದೆ. ಆಗ ಮಟ್ಟ ಸೊನ್ನೆ ಮಾಡಬೇಕೆಂದರೆ ಫಲಕದಲ್ಲಿ ಎದುರು ಚಿಹ್ನೆಯ ಆವೇಶ ಕೂರಲೇಬೇಕು.

ಹಂತ 1: ಚಿತ್ರ ಬರೆಯಿರಿ, ಮುಖಗಳಿಗೆ ನಂಬರ್ ಕೊಡಿ

ಎರಡು ದಪ್ಪ ಫಲಕಗಳನ್ನು ನೇರವಾಗಿ ನಿಲ್ಲಿಸಿ ಬರೆಯಿರಿ. ಎಡಗಡೆಯದು ಎ, ಬಲಗಡೆಯದು ಬಿ. ಒಂದೇ ಗೆರೆ ಎಳೆದು ಫಲಕ ಅನ್ನಬೇಡಿ. ಗೆರೆಗೆ ಎರಡು ಮುಖ ಕಾಣುವುದಿಲ್ಲ, ತಪ್ಪು ಅಲ್ಲೇ ಶುರು. ಎಡದಿಂದ ಬಲಕ್ಕೆ ನಂಬರ್ ಹಾಕಿ: ಎ ಫಲಕದ ಹೊರಮುಖ 1, ಒಳಮುಖ 2, ಬಿ ಫಲಕದ ಒಳಮುಖ 3, ಹೊರಮುಖ 4.

ಈಗ ಎ ಫಲಕಕ್ಕೆ ಪ್ಲಸ್ 12 ಮೈಕ್ರೊಕೂಲಂಬ್, ಬಿ ಫಲಕಕ್ಕೆ ಪ್ಲಸ್ 4 ಕೊಡಿ. ಫಲಕಗಳ ಅಗಲಕ್ಕೆ ಹೋಲಿಸಿದರೆ ನಡುವಿನ ಅಂತರ ತುಂಬ ಕಡಿಮೆ ಎಂದಿಟ್ಟುಕೊಳ್ಳಿ.

ಹಂತ 2: ಅರ್ಥ್ ಮಾಡುವ ಮೊದಲಿನ ಹಂಚಿಕೆ

ಈ ಹಂತ ಬಿಟ್ಟು ನೇರ ಅರ್ಥ್‌ಗೆ ಹಾರುವವರೇ ಜಾಸ್ತಿ. ಹಾರಬೇಡಿ. ಇಲ್ಲಿ ಎರಡು ನಿಯಮ ಸಿಗುತ್ತವೆ, ಮುಂದೆಲ್ಲ ಅವೇ ಕೆಲಸ ಮಾಡುವುದು.

ಮೊದಲ ನಿಯಮ: ಎದುರುಬದುರಾಗಿರುವ ಮುಖಗಳಲ್ಲಿ ಆವೇಶ ಸಮ, ಚಿಹ್ನೆ ವಿರುದ್ಧ. 2ರಲ್ಲಿ ಪ್ಲಸ್ ಎಷ್ಟಿದೆಯೋ 3ರಲ್ಲಿ ಮೈನಸ್ ಅಷ್ಟೇ. ಯಾಕೆ? ಒಂದು ತುದಿ ಎ ಫಲಕದ ಲೋಹದೊಳಗೆ, ಇನ್ನೊಂದು ತುದಿ ಬಿ ಫಲಕದ ಲೋಹದೊಳಗೆ ಇರುವಂತೆ ಒಂದು ಡಬ್ಬಿಯನ್ನು ಕಲ್ಪಿಸಿಕೊಳ್ಳಿ. ಎರಡು ತುದಿಯಲ್ಲೂ ಕ್ಷೇತ್ರ ಇಲ್ಲ, ಡಬ್ಬಿಯ ಬದಿಗಳಿಂದಲೂ ಕ್ಷೇತ್ರ ಹೊರಗೆ ಹೋಗುವುದಿಲ್ಲ. ಡಬ್ಬಿಯಿಂದ ಏನೂ ಹೊರಬರದಿದ್ದರೆ ಒಳಗಿನ ಒಟ್ಟು ಆವೇಶ ಸೊನ್ನೆ. ಇದು ಗೌಸ್ ನಿಯಮ.

ಎರಡನೇ ನಿಯಮ: ಎರಡು ಹೊರಮುಖಗಳ ಆವೇಶ ಸಮ, ಚಿಹ್ನೆಯೂ ಒಂದೇ. ಎ ಫಲಕದ ಲೋಹದೊಳಗೆ ಒಂದು ಬಿಂದು ಹಿಡಿಯಿರಿ. 2 ಮತ್ತು 3 ಎರಡೂ ಅದರ ಬಲಕ್ಕಿವೆ, ವಿರುದ್ಧ ಚಿಹ್ನೆಯವು, ಒಂದನ್ನೊಂದು ಅಳಿಸಿಹಾಕುತ್ತವೆ. ಉಳಿದದ್ದು ಎಡದಿಂದ ತಳ್ಳುವ 1, ಬಲದಿಂದ ತಳ್ಳುವ 4. ಒಳಗೆ ಕ್ಷೇತ್ರ ಸೊನ್ನೆ ಆಗಬೇಕಾದರೆ ಎರಡೂ ಸಮ ಇರಲೇಬೇಕು.

ಲೆಕ್ಕ ಸುಲಭ. ಒಟ್ಟು ಆವೇಶ 16. ಒಳಮುಖದ ಎರಡು ಒಂದನ್ನೊಂದು ಅಳಿಸುವುದರಿಂದ ಈ 16 ಪೂರ್ತಿ ಹೊರಮುಖಗಳದ್ದು. ಅರ್ಧರ್ಧ ಅಂದರೆ 8 ಮತ್ತು 8. ಎ ಫಲಕದಲ್ಲಿ ಉಳಿದದ್ದು 12ರಲ್ಲಿ 8 ಕಳೆದು 4, ಅದು ಮುಖ 2ರಲ್ಲಿ. ಮುಖ 3ರಲ್ಲಿ ಮೈನಸ್ 4. ಬಿ ಫಲಕವನ್ನು ಕೂಡಿ ನೋಡಿ: ಮೈನಸ್ 4, ಪ್ಲಸ್ 8, ಒಟ್ಟು ಪ್ಲಸ್ 4. ಸರಿ ಬಂತು.

ಗಮನಿಸಿ: ಬಿ ಫಲಕಕ್ಕೆ ನಾವು ಕೊಟ್ಟದ್ದು ಪ್ಲಸ್. ಆದರೂ ಅದರ ಒಳಮುಖದಲ್ಲಿ ಮೈನಸ್ ಕೂತಿದೆ. ಇದು ವಿಚಿತ್ರ ಅನಿಸದಿದ್ದರೆ ನೀವು ಚಿತ್ರ ಬರೆದಿಲ್ಲ ಅಂತ ಅರ್ಥ.

ಹಂತ 3: ಈಗ ಬಿ ಫಲಕವನ್ನು ಅರ್ಥ್ ಮಾಡಿ

ಬಿ ಫಲಕದಿಂದ ನೆಲಕ್ಕೆ ತಂತಿ ಎಳೆಯಿರಿ. ಮೊದಲು ನೋಡಬೇಕಾದದ್ದು ಮುಖ 4.

ಮುಖ 4ರಲ್ಲಿ ಸ್ವಲ್ಪ ಪ್ಲಸ್ ಆವೇಶ ಉಳಿದಿದೆ ಎಂದುಕೊಳ್ಳಿ. ಅಲ್ಲಿಂದ ಕ್ಷೇತ್ರರೇಖೆಗಳು, ಅಂದರೆ ಕ್ಷೇತ್ರದ ದಿಕ್ಕು ತೋರಿಸುವ ಗೆರೆಗಳು, ಹೊರಟು ದೂರದ ನೆಲಕ್ಕೋ ಗೋಡೆಗೋ ಮುಟ್ಟಬೇಕು. ಕ್ಷೇತ್ರರೇಖೆಯ ದಾರಿಯಲ್ಲಿ ವಿಭವ ಇಳಿಯುತ್ತಲೇ ಹೋಗಬೇಕು. ಆದರೆ ಹೊರಟ ಜಾಗದ ವಿಭವವೂ ಸೊನ್ನೆ, ಮುಟ್ಟಿದ ಜಾಗದ ವಿಭವವೂ ಸೊನ್ನೆ. ಇಳಿಜಾರೇ ಇಲ್ಲದ ಕಡೆ ನೀರು ಹರಿಯುತ್ತದಾ? ಹಾಗಾಗಿ ಮುಖ 4 ಖಾಲಿ.

ಎರಡನೇ ನಿಯಮ ನೆನಪಿದೆಯಲ್ಲ? ಹೊರಮುಖಗಳು ಸಮ. 4 ಖಾಲಿಯಾದರೆ 1 ಕೂಡ ಖಾಲಿ. ಇಲ್ಲೇ ಬಹಳ ಜನ ಎಡವುವುದು. ಎ ಫಲಕಕ್ಕೆ ನಾವು ತಂತಿ ಜೋಡಿಸಿಯೇ ಇಲ್ಲ, ಅದರ ಹೊರಮುಖ ಹೇಗೆ ಖಾಲಿ ಆಯಿತು? ಆವೇಶ ಫಲಕ ಬಿಟ್ಟು ಹೋಗಲಿಲ್ಲ. ಹೊರಮುಖದಲ್ಲಿದ್ದ 8 ಒಳಮುಖಕ್ಕೆ ಸರಿಯಿತು. ಎ ಫಲಕದ 12 ಪೂರ್ತಿ ಈಗ ಮುಖ 2ರಲ್ಲಿದೆ. ಮೊದಲ ನಿಯಮದ ಪ್ರಕಾರ ಮುಖ 3ರಲ್ಲಿ ಮೈನಸ್ 12.

ಬಿ ಫಲಕದಲ್ಲಿ ಮೊದಲು ಪ್ಲಸ್ 4 ಇತ್ತು. ಈಗ ಮೈನಸ್ 12. ಅಂದರೆ ನೆಲಕ್ಕೆ ಹೋದದ್ದು 16 ಮೈಕ್ರೊಕೂಲಂಬ್. ಎರಡೂ ಫಲಕಗಳ ಮೊದಲ ಆವೇಶ ಕೂಡಿದರೆ ಬರುವುದೂ 16. ಇದು ಕಾಕತಾಳೀಯ ಅಲ್ಲ, ಎರಡೇ ಫಲಕ ಇದ್ದು ಒಂದನ್ನು ಅರ್ಥ್ ಮಾಡಿದಾಗ ಯಾವಾಗಲೂ ಹೀಗೇ. ಬಿ ಬದಲು ಎ ಫಲಕವನ್ನು ಅರ್ಥ್ ಮಾಡಿದ್ದರೂ ಹರಿಯುತ್ತಿದ್ದದ್ದು ಅದೇ 16. ಆಗ ಎ ಫಲಕದಲ್ಲಿ ಮೈನಸ್ 4 ಉಳಿಯುತ್ತಿತ್ತು. ಎರಡೂ ಫಲಕ ಅರ್ಥ್ ಮಾಡಿದರೆ ಮಾತ್ರ ಎಲ್ಲ ಸೊನ್ನೆ.

ಇಲ್ಲಿ ಒಂದು ಎಚ್ಚರ. ನೆಲಕ್ಕೆ ಪ್ಲಸ್ 16 ಹೋಯಿತು ಅನ್ನುವುದು ಲೆಕ್ಕದ ಮಾತು. ತಂತಿಯಲ್ಲಿ ನಿಜಕ್ಕೂ ಓಡುವುದು ಎಲೆಕ್ಟ್ರಾನ್. ಅಷ್ಟೇ ಆವೇಶದ ಎಲೆಕ್ಟ್ರಾನ್‌ಗಳು ನೆಲದಿಂದ ಮೇಲಕ್ಕೆ ಬಂದವು. ಪ್ರಶ್ನೆಯಲ್ಲಿ ಎಲೆಕ್ಟ್ರಾನ್ ಯಾವ ದಿಕ್ಕಿಗೆ ಅಂತ ಕೇಳಿದರೆ ಉತ್ತರ ತಲೆಕೆಳಗಾಗುತ್ತದೆ.

ಜಾಣ ಓದುಗರು ಇಲ್ಲಿ ತಕರಾರು ತೆಗೆಯುತ್ತಾರೆ, ತೆಗೆಯಲೂ ಬೇಕು. ಎ ಫಲಕದ ವಿಭವ ಸೊನ್ನೆ ಅಲ್ಲವಲ್ಲ, ಅದರ ಹೊರಮುಖದಿಂದ ದೂರದ ನೆಲಕ್ಕೆ ರೇಖೆಗಳು ಹೋಗಬಹುದಲ್ಲ? ಹೋಗುತ್ತವೆ, ಆದರೆ ಅತ್ಯಲ್ಪ. 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಎರಡು ಫಲಕಗಳನ್ನು 1 ಮಿ.ಮೀ. ಅಂತರದಲ್ಲಿಟ್ಟರೆ ಅವುಗಳ ನಡುವಿನ ಧಾರಕತೆ, ಅಂದರೆ ಪ್ರತಿ ವೋಲ್ಟ್‌ಗೆ ಹಿಡಿದಿಡುವ ಆವೇಶ, ಸುಮಾರು 88 ಪಿಕೊಫ್ಯಾರಡ್ (ಧಾರಕತೆಯ ಒಂದು ಸಣ್ಣ ಮಾನ). ಹೊರಮುಖಕ್ಕೂ ದೂರದ ನೆಲಕ್ಕೂ ನಡುವೆ ಇರುವುದು ಕೆಲವೇ ಪಿಕೊಫ್ಯಾರಡ್. ನೂರರಲ್ಲಿ ಕೆಲವು ಪಾಲು ಹೊರಗೆ ಉಳಿಯುತ್ತದೆ, ಪುಸ್ತಕ ಅದನ್ನು ಬಿಟ್ಟುಬಿಡುತ್ತದೆ. ಅಂತರ ಕಡಿಮೆ ಇದ್ದಷ್ಟೂ ಪುಸ್ತಕದ ಮಾತು ನಿಜಕ್ಕೆ ಹತ್ತಿರ.

ಇದೇ ಅಳತೆಯ ಫಲಕಕ್ಕೆ 12 ಮೈಕ್ರೊಕೂಲಂಬ್ ಕೊಡಲು ಆಗುವುದೂ ಇಲ್ಲ. ಗಾಳಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್‌ಗೆ ಸೋತು ಕಿಡಿ ಹಾರುತ್ತದೆ. ಆ ಮಿತಿಯಲ್ಲಿ ಈ ಫಲಕ ಹಿಡಿಯುವುದು ಸುಮಾರು 0.27 ಮೈಕ್ರೊಕೂಲಂಬ್ ಮಾತ್ರ. ಪುಸ್ತಕ ಬರೆದವರು ದೊಡ್ಡ ಮನಸ್ಸಿನವರು.

ಹಂತ 4: ತಂತಿ ಮೊದಲು ತೆಗೆದರಾ, ಫಲಕ ಮೊದಲು ತೆಗೆದರಾ?

ಸಿಇಟಿ ಥರದ ಪರೀಕ್ಷೆಗಳಲ್ಲಿ ಸಿಕ್ಕಿಹಾಕಿಸುವುದು ಈ ಜಾಗದಲ್ಲಿ. ವಾಕ್ಯವನ್ನು ಎರಡು ಸಲ ಓದಿ.

ಹಂತ 3ರ ಸ್ಥಿತಿಯಿಂದ ಶುರು ಮಾಡಿ. ಮೊದಲು ಅರ್ಥ್ ತಂತಿ ತೆಗೆದು, ಆಮೇಲೆ ಎ ಫಲಕವನ್ನು ದೂರ ಒಯ್ದರೆ, ಬಿ ಫಲಕದ ಮೈನಸ್ 12 ಎಲ್ಲೂ ಹೋಗಲಾರದು. ತೂಬು ಮುಚ್ಚಿದೆ. ಎದುರು ಯಾರೂ ಇಲ್ಲದ್ದರಿಂದ ಅದು ಎರಡೂ ಮುಖಕ್ಕೆ ಹಂಚಿಕೊಂಡು ಮೈನಸ್ 6, ಮೈನಸ್ 6 ಆಗುತ್ತದೆ.

ತಂತಿ ಹಾಗೇ ಇರುವಾಗ ಎ ಫಲಕ ಒಯ್ದರೆ ಬಿ ಫಲಕದಲ್ಲಿ ಏನೂ ಉಳಿಯದು. ಅದನ್ನು ಹಿಡಿದಿಟ್ಟಿದ್ದು ಎದುರಿನ ಪ್ಲಸ್. ಪ್ಲಸ್ ಹೋದ ಮೇಲೆ ಮೈನಸ್ ನೆಲಕ್ಕೆ ಇಳಿದುಹೋಗುತ್ತದೆ.

ತಂತಿ ತೆಗೆಯುವ ಕ್ಷಣದಲ್ಲಿ ಆವೇಶ ಎಷ್ಟಿತ್ತೋ ಅಷ್ಟು ಬೀಗ ಹಾಕಿದಂತೆ. ಆ ಕ್ಷಣದ ಚಿತ್ರವನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಹಂತ 5: ಮೂರು ಫಲಕ

ನಡುವಿನ ಫಲಕಕ್ಕೆ ಪ್ಲಸ್ 12. ಎಡ, ಬಲ ಎರಡೂ ಫಲಕ ಅರ್ಥ್ ಆಗಿವೆ. ನಡುವಿನಿಂದ ಎಡಕ್ಕೆ 2 ಮಿ.ಮೀ., ಬಲಕ್ಕೆ 4 ಮಿ.ಮೀ.

ಸುಮ್ನೆ ಆರಾರು ಅಂತ ಹಂಚಿಬಿಡುವವರಿದ್ದಾರೆ. ಹಾಗಲ್ಲ. ನಡುವಿನ ಫಲಕದಿಂದ ಎಡಕ್ಕೆ ಹೋದರೂ ಸೊನ್ನೆಗೆ ಇಳಿಯಬೇಕು, ಬಲಕ್ಕೆ ಹೋದರೂ ಸೊನ್ನೆಗೆ ಇಳಿಯಬೇಕು. ಇಳಿತ ಎರಡೂ ಕಡೆ ಒಂದೇ. ಎಡಗಡೆ ದೂರ ಅರ್ಧ, ಹಾಗಾಗಿ ಇಳಿಜಾರು ಎರಡು ಪಟ್ಟು ಕಡಿದು, ಆವೇಶವೂ ಎರಡು ಪಟ್ಟು. 12ರಲ್ಲಿ ಎಡಮುಖಕ್ಕೆ 8, ಬಲಮುಖಕ್ಕೆ 4. ಎಡ ಫಲಕದ ಒಳಮುಖದಲ್ಲಿ ಮೈನಸ್ 8, ಬಲ ಫಲಕದ ಒಳಮುಖದಲ್ಲಿ ಮೈನಸ್ 4, ಹೊರಮುಖಗಳು ಖಾಲಿ. ಹತ್ತಿರದವರಿಗೆ ಹೆಚ್ಚು ಪಾಲು.

ಇದು ಬರೀ ಪುಸ್ತಕದ ಲೆಕ್ಕ ಅಂದುಕೊಳ್ಳಬೇಡಿ. ಶಕ್ತಿನಗರದ ಆರ್‌ಟಿಪಿಎಸ್, ಬಳ್ಳಾರಿ ಹತ್ತಿರದ ಕುಡತಿನಿಯ ಬಿಟಿಪಿಎಸ್ ಥರದ ಕಲ್ಲಿದ್ದಲು ಸ್ಥಾವರಗಳಲ್ಲಿ ಹೊಗೆಯಿಂದ ಬೂದಿ ಹಿಡಿಯುವ ಒಂದು ದೊಡ್ಡ ಯಂತ್ರ ಇರುತ್ತದೆ. ಹೆಸರು ಎಲೆಕ್ಟ್ರೋಸ್ಟ್ಯಾಟಿಕ್ ಪ್ರೆಸಿಪಿಟೇಟರ್, ಅಲ್ಲಿನವರ ಬಾಯಲ್ಲಿ ಇಎಸ್‌ಪಿ. ಒಳಗೆ ಎತ್ತರದ ಉಕ್ಕಿನ ಫಲಕಗಳು ಸಾಲಾಗಿ ನಿಂತಿರುತ್ತವೆ, ಅಷ್ಟೂ ಅರ್ಥ್ ಆಗಿರುತ್ತವೆ. ಎರಡು ಫಲಕಗಳ ನಡುವೆ ಮೈನಸ್ ಹತ್ತಾರು ಸಾವಿರ ವೋಲ್ಟ್ ಇರುವ ಎಲೆಕ್ಟ್ರೋಡು. ಬೂದಿಯ ಕಣಗಳು ಮೈನಸ್ ಆವೇಶ ಪಡೆದು ಅರ್ಥ್ ಆದ ಫಲಕಕ್ಕೆ ಅಂಟುತ್ತವೆ, ಆಗಾಗ ಸುತ್ತಿಗೆ ಬಡಿದು ಅವನ್ನು ಉದುರಿಸುತ್ತಾರೆ. ನಡುವಿನ ಎಲೆಕ್ಟ್ರೋಡು ಒಂದು ಫಲಕದ ಕಡೆ ವಾಲಿತು ಅನ್ನಿ. ಆ ಕಡೆ ಆವೇಶ ಹೆಚ್ಚುತ್ತದೆ, ಕ್ಷೇತ್ರ ಹೆಚ್ಚುತ್ತದೆ, ಕಿಡಿ ಹಾರುತ್ತದೆ. ಆಗ ವೋಲ್ಟೇಜ್ ಇಳಿಸಬೇಕು, ಇಳಿಸಿದರೆ ಬೂದಿ ಹಿಡಿಯುವುದು ಕಮ್ಮಿ. ಅಲ್ಲಿ ನಡುವೆ ಇರುವುದು ಸಣ್ಣ ತಂತಿಯಂಥದ್ದು, ಹಾಗಾಗಿ ಲೆಕ್ಕ ನಮ್ಮಷ್ಟು ಸರಳ ಅಲ್ಲ. ತತ್ವ ಅದೇ.

ಇನ್ನು ನಡುವಿನ ಫಲಕ ಅರ್ಥ್ ಆಗಿ, ಆಚೀಚಿನವುಗಳಿಗೆ ಆವೇಶ ಕೊಟ್ಟಿದ್ದರೆ? ಹೊರಗಿನ ಎರಡು ಮುಖ ಖಾಲಿ. ಆಚೀಚಿನ ಆವೇಶವೆಲ್ಲ ನಡುವಿನ ಕಡೆ ತಿರುಗುತ್ತದೆ, ನಡುವಿನ ಫಲಕದ ಎರಡು ಮುಖಗಳಲ್ಲಿ ಅವುಗಳ ಎದುರು ಚಿಹ್ನೆ ಕೂರುತ್ತದೆ. ಇಲ್ಲಿ ದೂರದ ಲೆಕ್ಕವೇ ಬೇಡ.

ಹಂತ 6: ಬ್ಯಾಟರಿ ಇದ್ದರೆ

ಧಾರಕಕ್ಕೆ, ಅಂದರೆ ಎದುರುಬದುರು ಇಟ್ಟ ಇಂಥ ಫಲಕಗಳ ಜೋಡಿಗೆ, ಬ್ಯಾಟರಿ ಜೋಡಿಸಿ, ಮೈನಸ್ ಫಲಕವನ್ನು ಅರ್ಥ್ ಮಾಡಿದ್ದಾರೆ. ಒಳಮುಖಗಳ ಆವೇಶ ಬದಲಾಗುತ್ತದಾ? ಇಲ್ಲ. ಫಲಕಗಳ ನಡುವಿನ ವೋಲ್ಟೇಜನ್ನು ಬ್ಯಾಟರಿಯೇ ಹಿಡಿದಿದೆ. ಅರ್ಥ್ ಇಲ್ಲಿ ಮಾಡುವುದು ಸೊನ್ನೆ ಎಲ್ಲಿಂದ ಎಣಿಸಬೇಕು ಎಂದು ಹೇಳುವ ಕೆಲಸ ಮಾತ್ರ. ಮುಂದಕ್ಕೆ ಹೋಗೋಣ.

ಹಂತ 7: ಕೈಯಲ್ಲಿ ಮಾಡಿ ನೋಡಿ

ಬೇಕಾದದ್ದು: ಎರಡು ಚಪ್ಪಟೆ ಸ್ಟೀಲ್ ತಟ್ಟೆ, ಎರಡು ಥರ್ಮೊಕೋಲ್ ತುಂಡು, ಅರ್ಧ ಮೀಟರ್ ಪಿವಿಸಿ ಪೈಪು, ಉಣ್ಣೆ ಬಟ್ಟೆ, ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ.

ಒಂದು ತಟ್ಟೆಯನ್ನು ಥರ್ಮೊಕೋಲ್‌ನಲ್ಲಿ ಸೀಳು ಮಾಡಿ ನೇರ ನಿಲ್ಲಿಸಿ. ಇದು ಎ. ಅದರ ಹಿಂಬದಿಗೆ, ಅಂದರೆ ಹೊರಮುಖಕ್ಕೆ, ಅಲ್ಯೂಮಿನಿಯಂ ಹಾಳೆಯ ತೆಳು ಪಟ್ಟಿಯ ಮೇಲ್ತುದಿಯನ್ನು ತಟ್ಟೆಗೆ ತಾಗುವಂತೆ ಅಂಟಿಸಿ. ಪಟ್ಟಿ ಸಡಿಲವಾಗಿ ತೂಗಬೇಕು. ಹೊರಮುಖದಲ್ಲಿ ಆವೇಶ ಇದ್ದರೆ ಈ ಪಟ್ಟಿ ತಟ್ಟೆಯಿಂದ ದೂರ ಸರಿಯುತ್ತದೆ. ಎರಡನೇ ತಟ್ಟೆಯನ್ನೂ ಹಾಗೇ ನಿಲ್ಲಿಸಿ, ಸದ್ಯ ದೂರ ಇಡಿ. ಇದು ಬಿ.

ಪೈಪನ್ನು ಉಣ್ಣೆಯಿಂದ ಚೆನ್ನಾಗಿ ಉಜ್ಜಿ ಎ ತಟ್ಟೆಯ ಹತ್ತಿರ ತನ್ನಿ, ತಾಗಿಸಬೇಡಿ. ಇನ್ನೊಂದು ಕೈಯ ಬೆರಳಿನಿಂದ ತಟ್ಟೆಯನ್ನು ಮುಟ್ಟಿ. ಬೆರಳು ತೆಗೆಯಿರಿ, ಆಮೇಲೆ ಪೈಪು ತೆಗೆಯಿರಿ. ಈ ಕ್ರಮ ತಪ್ಪಿದರೆ ಏನೂ ಉಳಿಯದು, ಹಂತ 4 ನೆನಪಿಸಿಕೊಳ್ಳಿ. ಪಟ್ಟಿ ದೂರ ಸರಿದು ನಿಲ್ಲುತ್ತದೆ.

ಈಗ ಬಿ ತಟ್ಟೆಯನ್ನು ಅದರ ಥರ್ಮೊಕೋಲ್ ಹಿಡಿದು ಎ ತಟ್ಟೆಯ ಮುಂಬದಿಗೆ ಸೆಂಟಿಮೀಟರ್‌ನಷ್ಟು ಹತ್ತಿರ ತನ್ನಿ. ಪಟ್ಟಿ ಸ್ವಲ್ಪ ಇಳಿಯಬಹುದು. ನಂತರ ಬಿ ತಟ್ಟೆಗೆ ಬೆರಳು ಮುಟ್ಟಿಸಿ. ಪಟ್ಟಿ ಥಟ್ಟನೆ ಇಳಿಯುತ್ತದೆ. ಬೆರಳು ಇಟ್ಟುಕೊಂಡೇ ಬಿ ತಟ್ಟೆಯನ್ನು ದೂರ ಎಳೆಯಿರಿ. ಪಟ್ಟಿ ಮತ್ತೆ ಏಳುತ್ತದೆ! ಎ ತಟ್ಟೆಯ ಆವೇಶ ಎಲ್ಲೂ ಹೋಗಿರಲಿಲ್ಲ, ಒಳಮುಖಕ್ಕೆ ಸರಿದಿತ್ತು. ಹಂತ 3 ಕಣ್ಣೆದುರು ನಡೆದದ್ದು ಇದೇ.

ಬೆರಳು ಸಾಕಾ, ಅರ್ಥ್ ಪಿಟ್ ಬೇಡವಾ ಎಂದು ಕೇಳುತ್ತಾರೆ. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಒಣಗುತ್ತದೆ. ಮನೆಯ ಅರ್ಥ್ ಪಿಟ್‌ಗೆ ಉಪ್ಪು, ಇದ್ದಿಲು ಹಾಕಿ ನೀರು ಹೊಯ್ಯುವುದು ಜೀವ ಉಳಿಸುವ ಕೆಲಸ, ಅದನ್ನು ಬಿಡಬೇಡಿ. ಆದರೆ ಈ ಪ್ರಯೋಗದ ಲೆಕ್ಕವೇ ಬೇರೆ. ದಾರಿಯಲ್ಲಿ 10 ಲಕ್ಷ ಓಮ್ ತಡೆ ಇದ್ದರೂ 88 ಪಿಕೊಫ್ಯಾರಡ್‌ನ ಫಲಕ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನೊಳಗೆ ಸೊನ್ನೆ ಮಟ್ಟಕ್ಕೆ ಬರುತ್ತದೆ. 1746ರಲ್ಲಿ ಲೈಡನ್ ನಗರದಲ್ಲಿ ವಿಜ್ಞಾನಿ ಮುಷೆನ್‌ಬ್ರುಕ್ ನೀರು ತುಂಬಿದ ಗಾಜಿನ ಜಾಡಿಯಲ್ಲಿ ಆವೇಶ ಹಿಡಿದಿಟ್ಟ ಪ್ರಸಿದ್ಧ ಪ್ರಯೋಗದಲ್ಲೂ ಅರ್ಥ್ ಆದ ಎದುರು ಫಲಕ ಜಾಡಿ ಹಿಡಿದ ಕೈಯೇ ಆಗಿತ್ತು.

ಎಚ್ಚರಿಕೆ: ಮನೆಯ ಸಾಕೆಟ್‌ನ ಮೂರನೇ ತೂತಿಗೆ ತಂತಿ ಹಾಕುವ ಸಾಹಸ ಬೇಡವೇ ಬೇಡ. ವೈರಿಂಗ್ ತಪ್ಪಿದ್ದರೆ ಅಲ್ಲೇ ಕರೆಂಟ್ ಇರಬಹುದು. ಹಳೆ ಟಿವಿ, ಕ್ಯಾಮೆರಾ ಫ್ಲ್ಯಾಶ್‌ನಿಂದ ಕಿತ್ತ ಧಾರಕಗಳನ್ನೂ ಮುಟ್ಟಬೇಡಿ.

ಪಟ್ಟಿ ಏಳದಿದ್ದರೆ ತೇವವನ್ನು ಮೊದಲು ಅನುಮಾನಿಸಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇದು ಕೈಕೊಡುತ್ತದೆ. ಚಳಿಗಾಲದ ಒಣ ಬೆಳಿಗ್ಗೆ ಒಳ್ಳೆಯದು, ಮೇ ತಿಂಗಳ ರಾಯಚೂರು ಬಿಸಿಲು ಇನ್ನೂ ಒಳ್ಳೆಯದು, ಇದೊಂದು ಕೆಲಸಕ್ಕಾದರೂ ಅದು ಬರಲಿ. ಆದರೆ ಕೂಲರ್ ಆಫ್ ಮಾಡಿ. ನೀರಿನ ಕೂಲರ್ ಓಡುವ ಕೋಣೆಯಲ್ಲಿ ತೇವ ತುಂಬಿ ಆವೇಶ ಸೋರಿಹೋಗುತ್ತದೆ. ಬೆವರು ಕೈ ಥರ್ಮೊಕೋಲ್‌ಗೆ ತಾಗಿದ್ದರೆ ಅದನ್ನೂ ಒಣಗಿಸಿ.

ಒಂದು ಲೆಕ್ಕ ನಿಮಗೆ

ಎ ಫಲಕಕ್ಕೆ ಪ್ಲಸ್ 6, ಬಿ ಫಲಕಕ್ಕೆ ಮೈನಸ್ 10. ಬಿ ಫಲಕವನ್ನು ಅರ್ಥ್ ಮಾಡಿದಾಗ ಎಲೆಕ್ಟ್ರಾನ್ ಯಾವ ಕಡೆ ಓಡುತ್ತವೆ, ಎಷ್ಟು? ಚಿತ್ರ ಬರೆದು, ಮುಖಗಳಿಗೆ ನಂಬರ್ ಹಾಕಿ ಮಾಡಿ. ಮೊದಲಿನ ಹಂಚಿಕೆ ಎಡದಿಂದ ಮೈನಸ್ 2, ಪ್ಲಸ್ 8, ಮೈನಸ್ 8, ಮೈನಸ್ 2 ಬರಬೇಕು. ಅರ್ಥ್ ಮಾಡಿದ ಮೇಲೆ ಸೊನ್ನೆ, ಪ್ಲಸ್ 6, ಮೈನಸ್ 6, ಸೊನ್ನೆ. ಈ ಸಲ ಎಲೆಕ್ಟ್ರಾನ್‌ಗಳು ಫಲಕದಿಂದ ನೆಲಕ್ಕೆ ಇಳಿಯುತ್ತವೆ, 4 ಮೈಕ್ರೊಕೂಲಂಬ್‌ನಷ್ಟು.